ಆಕಳು ಮೊದಲು, ಕಥೆ ಆಮೇಲೆ

ಎರಡು ವರ್ಷದ ಕೂಸಿಗೆ ಗ್ರಂಥಾಲಯದಲ್ಲಿ ಏನು ಕೆಲಸ ಎಂದು ಕೇಳುವವರು ಧಾರವಾಡದಲ್ಲಿ ಈಗಲೂ ಇದ್ದಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಆರರಿಂದ ಹದಿನೆಂಟು ವರ್ಷದವರಿಗೆ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರು ತುಂಬಿದ ಮೇಲೆ. ಅದಕ್ಕೂ ಚಿಕ್ಕವರನ್ನು ತೂಕ ಮಾಡುತ್ತಾರೆ, ಚುಚ್ಚುಮದ್ದು ಹಾಕಿಸುತ್ತಾರೆ, ಆಹಾರದ ಪೊಟ್ಟಣ ಕೊಡುತ್ತಾರೆ. ಪುಸ್ತಕ ಹಿಡಿದು ಅವರ ಮುಂದೆ ಕೂರುವವರು ಕಡಿಮೆ. ಮಗು ಮಾತನ್ನು ಗಬಕ್ಕನೆ ಹಿಡಿದುಕೊಳ್ಳುವ ವಯಸ್ಸೋ ಅದೇ. ಹೀಗಾಗಿ ಕೆಲವು ವರ್ಷಗಳಿಂದ ಶನಿವಾರ ಬೆಳಿಗ್ಗೆ ನಮ್ಮ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಒಂದೂವರೆಯಿಂದ ಮೂರು ವರ್ಷದವರಿಗಾಗಿ ಕಥೆಯ ಕೂಟ ನಡೆಸುತ್ತಿದ್ದೇನೆ. ಹಾವೇರಿ, ಗದಗ ಕಡೆಯ ಅರಿವು ಕೇಂದ್ರಗಳ (ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಇದೇ ಹೆಸರು) ಮೇಲ್ವಿಚಾರಕರು ನನ್ನನ್ನು ಹೆಚ್ಚಾಗಿ ಕೇಳುವುದು ಸಾಕುಪ್ರಾಣಿಗಳ ಕೂಟದ ಬಗ್ಗೆ. ಬಲು ಸುಲಭ ಎನಿಸುವ ವಿಷಯ. ಆದರೆ ನನಗೆ ಅತಿ ಹೆಚ್ಚು ತಯಾರಿ ಬೇಡಿದ್ದು ಇದೇ.

ಯಾವ ಪ್ರಾಣಿ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಅಚ್ಚಾದ ಪುಸ್ತಕಗಳಲ್ಲಿ ಕೊರಳಿಗೆ ಪಟ್ಟಿ ಕಟ್ಟಿದ ಬಿಳಿಯ ನಾಯಿ, ಗಾಜಿನ ತೊಟ್ಟಿಯ ಮೀನು, ಮೆತ್ತೆಯ ಮೇಲೆ ಮಲಗಿದ ಬೆಕ್ಕು ಸಿಗುತ್ತವೆ. ನಮ್ಮಲ್ಲಿಗೆ ಬರುವ ಮಗು ಬೆಳಿಗ್ಗೆ ಎದ್ದು ನೋಡುವುದು ಬಾಗಿಲಿಗೆ ಬಂದು ನಿಂತ ಆಕಳನ್ನು. ಅಜ್ಜಿ ತಂಗಳು ರೊಟ್ಟಿ ತರುವವರೆಗೆ ಅದು ಕದಲುವುದಿಲ್ಲ. ಓಣಿಯ ನಾಯಿ ಯಾರ ಮನೆಯದೂ ಅಲ್ಲ, ಎಲ್ಲರ ಮನೆಯದೂ ಹೌದು. ಹಳ್ಳಿಯಾದರೆ ಎಮ್ಮೆ, ಆಡು, ಕೋಳಿ, ಎತ್ತು. ಪೇಡೆಯ ಊರಿನಲ್ಲಿ ಕುಳಿತು ಎಮ್ಮೆಯನ್ನು ಬಿಟ್ಟು ಸಾಕುಪ್ರಾಣಿಗಳ ಪಟ್ಟಿ ಮಾಡುವುದು ನನ್ನಿಂದಾಗದು. ಮಗು ದಿನವೂ ನೋಡುವ ಮೂರು ಪ್ರಾಣಿಗಳು ಒಂದು ಕೂಟಕ್ಕೆ ಸಾಕು. ನಾಲ್ಕನೆಯದು ಬಂದರೆ ಮೊದಲನೆಯದು ಮರೆತುಹೋಗುತ್ತದೆ.

ಪ್ರಾಣಿ ಸರಿಯಾಯಿತು, ಇನ್ನು ಅದರ ಹೆಸರು. ಪುಸ್ತಕದಲ್ಲಿ ‘ಹಸು’ ಎಂದಿರುತ್ತದೆ, ‘ಮೇಕೆ’ ಎಂದಿರುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಅವು ಆಕಳು, ಆಡು. ಆರಂಭದ ದಿನಗಳಲ್ಲಿ ನಾನು ಅಚ್ಚಾದುದನ್ನೇ ಓದುತ್ತಿದ್ದೆ. ಒಮ್ಮೆ ಎರಡು ವರ್ಷದ ಹುಡುಗಿಯೊಬ್ಬಳು ನನ್ನ ಮೊಣಕಾಲಿಗೆ ಒರಗಿ ನಿಂತು, ಚಿತ್ರದ ಮೇಲೆ ಇಡೀ ಅಂಗೈಯನ್ನು ಒತ್ತಿ, ‘ಆಕಳು’ ಎಂದಳು. ನಾನು ‘ಹೌದು, ಹಸು’ ಎಂದೆ. ಆಕೆ ಅಂಗೈಯನ್ನು ತೆಗೆಯಲಿಲ್ಲ. ನನ್ನ ಮುಖವನ್ನೇ ನೋಡುತ್ತ ಮತ್ತೆ ‘ಆಕಳು’ ಎಂದಳು. ಅಂದಿನಿಂದ ಮೊದಲ ಓದಿನಲ್ಲಿ ಆಕಳು ಎಂದೇ ಓದುತ್ತೇನೆ, ಎರಡನೆಯ ಓದಿನಲ್ಲಿ ಅದರ ಪಕ್ಕಕ್ಕೆ ಹಸುವನ್ನೂ ಸೇರಿಸುತ್ತೇನೆ. ಮಗುವಿನ ಬಾಯಲ್ಲಿರುವ ಮಾತನ್ನು ಗ್ರಂಥಾಲಯವೇ ತಿದ್ದಿದರೆ, ಪುಸ್ತಕ ತನ್ನದಲ್ಲ ಎಂದು ಅದಕ್ಕೆ ಅಂದೇ ಅನ್ನಿಸುತ್ತದೆ.

ಸಮಯ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಇಪ್ಪತ್ತೈದು. ಮಧ್ಯಾಹ್ನದ ನಿದ್ದೆಗೆ ಮೊದಲು, ಹೊಟ್ಟೆ ತುಂಬಿರುವಾಗ. ಹತ್ತೂವರೆ ನಮಗೆ ಒಗ್ಗಿದೆ. ಎಂಟು-ಹತ್ತು ಮಕ್ಕಳು, ಪ್ರತಿಯೊಬ್ಬರ ಜೊತೆಗೂ ಮನೆಯ ಹಿರಿಯರೊಬ್ಬರು. ಕುರ್ಚಿಗಳನ್ನು ಸರಿಸಿ ನವಲಗುಂದದ ಜಮಖಾನೆ ಹಾಸುತ್ತೇವೆ. ಅದರ ಮೇಲೆ ನೇಯ್ದ ನವಿಲನ್ನು ಹುಡುಕಿ ಕುಳಿತುಕೊಳ್ಳುವುದರಿಂದಲೇ ಅನೇಕ ಮಕ್ಕಳಿಗೆ ಕೂಟ ಶುರುವಾಗುತ್ತದೆ. ನಡುವೆ ಎದ್ದು ಓಡಾಡುವವರನ್ನು ತಡೆಯಬೇಡಿ. ಕಪಾಟಿನ ಹಿಂದೆ ನಿಂತವನೂ ಕೇಳಿಸಿಕೊಳ್ಳುತ್ತಿರುತ್ತಾನೆ.

ಪುಸ್ತಕ ಒಂದೇ. ಅದನ್ನೇ ಎರಡು ಸಲ ಓದುತ್ತೇನೆ. ಪುಟಕ್ಕೊಂದು ದೊಡ್ಡ ಚಿತ್ರ, ಒಂದು ಸಣ್ಣ ವಾಕ್ಯ. ಆರಡಿ ದೂರದಿಂದ ಪ್ರಾಣಿಯ ಕಣ್ಣು ಕಾಣಬೇಕು. ಈ ವಯಸ್ಸಿಗೆ ತಕ್ಕ ದಪ್ಪ ರಟ್ಟಿನ ಕನ್ನಡ ಪುಸ್ತಕಗಳು ಸುಲಭವಾಗಿ ಸಿಗುವುದಿಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಮೊದಲ ಹಂತದ ಕಥೆಗಳೂ ನಮ್ಮ ಪುಟ್ಟವರಿಗೆ ತುಸು ಉದ್ದವೇ. ಐದಾರು ಪುಟಗಳನ್ನು ಆಯ್ದು, ದೊಡ್ಡದಾಗಿ ಮುದ್ರಿಸಿ, ಲ್ಯಾಮಿನೇಶನ್ ಮಾಡಿಸಿಕೊಂಡಿದ್ದೇನೆ.

ಓದಿಗಿಂತ ಹೆಚ್ಚು ಹೊತ್ತು ನಾವು ಕಳೆಯುವುದು ಕೂಗಿನಲ್ಲಿ. ಅಂಬಾ, ಬೌ ಬೌ, ಮಿಯಾಂವ್, ಬ್ಯಾ. ವಾಕ್ಯ ಕಟ್ಟಲಾರದ ಮಗುವೂ ಇದರಲ್ಲಿ ಸರಿಸಮನಾಗಿ ಸೇರುತ್ತದೆ. ಬಳಿಕ ಅಜ್ಜಿಯರನ್ನು ಕೇಳುತ್ತೇನೆ: ನಿಮ್ಮ ಮನೆಯಲ್ಲಿ ಕೋಳಿಯನ್ನು ಹೇಗೆ ಕರೆಯುತ್ತೀರಿ? ಕರುವನ್ನು? ಎತ್ತನ್ನು ನಿಲ್ಲಿಸುವಾಗ ಬಾಯಲ್ಲಿ ಯಾವ ಸದ್ದು ಬರುತ್ತದೆ? ಊರಿಗೊಂದು, ಮನೆಗೊಂದು ಸದ್ದು. ಅದುವರೆಗೆ ಮೂಲೆಯಲ್ಲಿ ಸೆರಗು ಹೊದ್ದು ಕುಳಿತಿದ್ದವರ ಧ್ವನಿ ಆ ಕ್ಷಣ ಇಡೀ ಕೋಣೆಗೆ ಕೇಳುತ್ತದೆ. ಮೊಮ್ಮಗ ತಿರುಗಿ ನೋಡುತ್ತಾನೆ. ‘ನಮಗೆ ಓದಲು ಬರುವುದಿಲ್ಲ ಅಕ್ಕನವರೇ, ನಾವೇನು ಹೇಳಿಕೊಡುವುದು’ ಎನ್ನುತ್ತಿದ್ದ ಅಜ್ಜಿಯೊಬ್ಬರು ಈಗ ನಮ್ಮ ಕೂಟದ ಅರ್ಧ ಭಾರ ಹೊತ್ತಿದ್ದಾರೆ.

ಇನ್ನು, ಜೀವಂತ ಪ್ರಾಣಿಯನ್ನು ತರಬಹುದೇ ಎಂಬ ಪ್ರಶ್ನೆ. ಬೇಡ. ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಒಂದು ಶನಿವಾರ ತಾಯಿಯೊಬ್ಬರು ಎರಡು ತಿಂಗಳ ನಾಯಿಮರಿಯನ್ನು ಬುಟ್ಟಿಯಲ್ಲಿ ತಂದರು. ಮುದ್ದಾದ ಮರಿ, ನಾನೂ ಒಪ್ಪಿದೆ. ಐದು ನಿಮಿಷದಲ್ಲಿ ಹತ್ತು ಜೊತೆ ಕೈಗಳು ಬುಟ್ಟಿಯೊಳಗಿದ್ದವು. ಯಾರೋ ಬಾಲ ಹಿಡಿದೆಳೆದರು, ಬೆದರಿದ ಮರಿ ಒಂದು ಮಗುವಿನ ಮುಂಗೈಯನ್ನು ಪರಚಿತು. ರಕ್ತ ಬರಲಿಲ್ಲ, ಕೆಂಪಗಿನ ಒಂದು ಗೆರೆ. ಆದರೆ ನಾಯಿಮರಿಗೆ ರೇಬೀಸ್ ಲಸಿಕೆ ಹಾಕುವುದು ಮೂರು ತಿಂಗಳಿಗೆ. ಈ ಮರಿಗೆ ಇನ್ನೂ ಆಗಿರಲಿಲ್ಲ. ಹರಿಯುವ ನೀರಿನ ಕೆಳಗೆ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ದೆವು. ರಕ್ತ ಬಾರದ ಪರಚು ಗಾಯಕ್ಕೂ ಲಸಿಕೆ ಬೇಕು. ಅಂದು, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ: ಪ್ರತಿ ಬಾರಿಯೂ ನಾನು ಜೊತೆಗೆ ಹೋದೆ. ಮಗುವಿಗೆ ಏನೂ ಆಗಲಿಲ್ಲ. ಒಪ್ಪಿದ್ದು ನಾನು, ತಪ್ಪು ನನ್ನದು. ಆ ಮರಿಯ ನಡುಕವೂ ನನಗೆ ಇನ್ನೂ ನೆನಪಿದೆ. ಬೆದರಿದ ಜೀವವೊಂದನ್ನು ತೋರಿಸಿ ‘ಪ್ರಾಣಿಯನ್ನು ಪ್ರೀತಿಸು’ ಎಂದು ಹೇಳಿಕೊಡಲಾಗದು.

ಚಿತ್ರದಲ್ಲಿಯೂ ಪಂಜರದ ಗಿಳಿಯನ್ನು ಸಾಕುಪ್ರಾಣಿ ಎಂದು ತೋರಿಸಬೇಡಿ. ನಮ್ಮ ಹಸಿರು ಗಿಳಿಯನ್ನೂ ನಕ್ಷತ್ರ ಆಮೆಯನ್ನೂ ಮನೆಯಲ್ಲಿ ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಗಿಳಿ ಬೇಕಾದರೆ ಪೇರಲ ಗಿಡದ ಮೇಲಿರಲಿ.

ಮರಿಯ ಬದಲಿಗೆ ನಮ್ಮಲ್ಲಿ ಈಗ ಬಟ್ಟೆಯ ಬೆಕ್ಕೊಂದಿದೆ. ಕೌದಿ ಹೊಲಿಯುವ ಹೆಣ್ಣುಮಗಳೊಬ್ಬರು ಹಳೆಯ ಇಳಕಲ್ ಸೀರೆಯ ತುಂಡುಗಳಿಂದ ಹೊಲಿದುಕೊಟ್ಟಿದ್ದು. ಹೊಟ್ಟೆಯಲ್ಲಿ ಹತ್ತಿ, ಬೆನ್ನಿನ ಮೇಲೆ ಕೌದಿಯದೇ ಓಟುಹೊಲಿಗೆಯ ಸಾಲುಗಳು. ಕಣ್ಣಿಗೆ ಗುಂಡಿ ಇಡಲು ಹೊರಟಿದ್ದರು. ಬೇಡವೆಂದು ಕಪ್ಪು ದಾರದಿಂದಲೇ ಕಣ್ಣು ತುಂಬಿಸಿದೆವು. ಒಂದೂಕಾಲು ಇಂಚಿಗಿಂತ ಸಣ್ಣದಾದ ಯಾವುದೂ ಈ ಮಕ್ಕಳ ಕೈಗೆ ಸಿಗಬಾರದು, ಗಂಟಲಿಗೆ ಹೋಗುತ್ತದೆ.

ಈ ಬೆಕ್ಕಿನಿಂದ ನಾವು ಕಲಿಸುವುದು ಒಂದೇ ಮಾತು: ‘ಮೆಲ್ಲಗೆ’. ಬೆಕ್ಕು ಒಂದು ಮಡಿಲಿನಿಂದ ಇನ್ನೊಂದಕ್ಕೆ ಹೋಗುತ್ತದೆ. ತಾಯಿ ಮಗುವಿನ ಕೈ ಹಿಡಿದು ತಲೆಯಿಂದ ಬೆನ್ನಿನವರೆಗೆ, ಹೊಲಿಗೆಯ ಸಾಲು ಹಿಡಿದು ಸವರಿಸುತ್ತಾಳೆ. ಎಲ್ಲರೂ ಪಿಸುಗುಟ್ಟುತ್ತ ‘ಮೆಲ್ಲಗೆ, ಮೆಲ್ಲಗೆ’ ಎನ್ನುತ್ತೇವೆ. ಕೆಲವರು ಮೊದಲು ಹೊಡೆಯುತ್ತಾರೆ. ಗದರಬೇಡಿ. ಬೆಕ್ಕು ನನ್ನ ಸೆರಗಿನ ಹಿಂದೆ ಅವಿತುಕೊಳ್ಳುತ್ತದೆ, ಕೈ ಮೆತ್ತಗಾದಾಗ ಮರಳಿ ಬರುತ್ತದೆ. ನಾಲ್ಕಾರು ವಾರಗಳಲ್ಲಿ ಕೈಯ ಓಟವೇ ಬದಲಾಗುವುದನ್ನು ಕಂಡಿದ್ದೇನೆ. ಈ ಒಂದು ಭಾಗಕ್ಕೆ ಸಮಯ ಸಾಲದಿದ್ದರೆ ಕಥೆಯನ್ನೇ ಮೊಟಕು ಮಾಡುತ್ತೇನೆ.

ನಾಯಿಗೆ ಇನ್ನೊಂದು ಆಟ. ಹುಬ್ಬಳ್ಳಿಯ ಅಪಾರ್ಟ್‌ಮೆಂಟುಗಳಿಂದ ಬರುವ ಮಕ್ಕಳಲ್ಲಿ ಕೆಲವರು ನಾಯಿಯ ಚಿತ್ರ ಕಂಡರೂ ಅಳುತ್ತಾರೆ. ಊಟ ಮಾಡದಿದ್ದರೆ ನಾಯಿ ಬರುತ್ತದೆ ಎಂದು ಮನೆಯಲ್ಲಿ ಹೆದರಿಸಿರುತ್ತಾರೆ. ಹಾಗೆ ಹೆದರಿಸಬೇಡಿರೆಂದು ದೊಡ್ಡವರ ಬಳಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಹೆದರಿದ ಮಗು ಓಡುತ್ತದೆ, ಓಡುವವರನ್ನು ನಾಯಿ ಅಟ್ಟುತ್ತದೆ. ನಾವು ಆಡುವುದು ‘ಗಿಡ’ದ ಆಟ: ನಾನು ಬೌ ಬೌ ಎಂದೊಡನೆ ಎಲ್ಲರೂ ಕೈಗಳನ್ನು ಮೈಗೆ ಅಂಟಿಸಿ ಬೇವಿನ ಗಿಡದಂತೆ ಕದಲದೆ ನಿಲ್ಲಬೇಕು, ಕಣ್ಣು ಕಾಲ ಬೆರಳಿನ ಮೇಲೆ. ಉಣ್ಣುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿ, ಇವುಗಳ ಹತ್ತಿರ ಹೋಗಬಾರದೆಂಬುದನ್ನು ಮಕ್ಕಳಿಗಿಂತ ಹಿರಿಯರಿಗೆ ಹೇಳುವುದು ಮುಖ್ಯ. ಎರಡು ವರ್ಷದ ಮಗುವಿಗೆ ಆಟದಿಂದಷ್ಟೇ ರಕ್ಷಣೆ ಸಿಗದು, ದೊಡ್ಡವರ ಕಣ್ಣು ಮೇಲಿರಲೇಬೇಕು.

ಇಡೀ ವರ್ಷದಲ್ಲಿ ಈ ಕೂಟಕ್ಕೆ ಹೇಳಿ ಮಾಡಿಸಿದ ವಾರ ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನದು. ಕಾರಹುಣ್ಣಿಮೆ ಕಳೆದು ಹದಿನೈದು ದಿನ. ಮಳೆ ಹಿಡಿದಿರುತ್ತದೆ, ಪೇಟೆಯಲ್ಲಿ ಮಣ್ಣಿನ ಎತ್ತುಗಳು ಬಂದಿರುತ್ತವೆ. ಕುಂಬಾರರ ಮನೆಯಿಂದ ಹದ ಮಾಡಿದ ಮಣ್ಣು ತರಿಸಿ ಲಿಂಬೆಹಣ್ಣಿಗಿಂತ ದೊಡ್ಡ ಉಂಡೆ ಕೊಡುತ್ತೇವೆ. ಬಣ್ಣ ಹಚ್ಚುವುದಿಲ್ಲ, ಕೈ ಬಾಯಿಗೆ ಹೋಗುವ ವಯಸ್ಸು. ಎತ್ತಿನ ಆಕಾರ ಬರಬೇಕೆಂದು ಹಿರಿಯರು ತಾವೇ ತಿದ್ದಲು ಕೂರುತ್ತಾರೆ, ಅದನ್ನು ಮಾತ್ರ ತಡೆಯುತ್ತೇನೆ. ಎರಡು ಚಿವುಟಿದರೆ ಕೋಡು, ಒಂದು ಒತ್ತಿದರೆ ಬೆನ್ನು. ಒಂದು ಮಗುವಿನ ಉಂಡೆಗೆ ಬರೀ ಕೋಡುಗಳೇ ಏಳು ಇದ್ದವು. ಅದಕ್ಕೆ ಅದು ಎತ್ತೇ ಆಗಿತ್ತು, ಅಂಬಾ ಎಂದೂ ಕೂಗಿಸಿತು.

ಮುಗಿದ ಮೇಲೆ ಎಲ್ಲರ ಕೈ ತೊಳೆಸಿ ಬೀಳ್ಕೊಡುತ್ತೇವೆ. ಲ್ಯಾಮಿನೇಟ್ ಪುಟಗಳನ್ನು ಸಾಬೂನು ನೀರಿನಲ್ಲಿ ಒರೆಸಿಡಬೇಕು, ಜಮಖಾನೆಯನ್ನು ಕೊಡವಿ ಬಿಸಿಲಿಗೆ ಹಾಕಬೇಕು. ಬೆಕ್ಕನ್ನು ಮಾತ್ರ ನಾನು ಮನೆಗೆ ಒಯ್ಯುತ್ತೇನೆ. ಅದರ ಎಡಗಿವಿಯನ್ನು ಎಲ್ಲರೂ ಚೀಪುತ್ತಾರೆ. ಒಗೆದು ಹಿತ್ತಲಿನ ಹಗ್ಗಕ್ಕೆ ಹಾಕಿದರೆ ಹತ್ತಿ ಪೂರ್ತಿ ಒಣಗಲು ಎರಡು ದಿನ, ಮಳೆಗಾಲದಲ್ಲಿ ನಾಲ್ಕು. ಮುಂದಿನ ಶನಿವಾರಕ್ಕೆ ಸಿದ್ಧವಾಗಬೇಕೆಂದರೆ ಅಂದು ಸಂಜೆಯೇ ಒಗೆಯಬೇಕು.