ಕಾದವರ ಆಯಸ್ಸು ಯಾರ ಖಾತೆಗೆ?

ಅರವತ್ತರ ಶಾಂತಿ ಮಾಡಿಸಿಕೊಂಡವರಲ್ಲಿ ಒಬ್ಬರೂ ಐವತ್ತಕ್ಕೆ ಸತ್ತಿಲ್ಲ. ಆದ್ದರಿಂದ ಶಾಂತಿ ಮಾಡಿಸಿದರೆ ಆಯಸ್ಸು ಗಟ್ಟಿ! ಈ ತರ್ಕಕ್ಕೆ ಯಾರಾದರೂ ನಗುತ್ತಾರೆ. ಅದೇ ತರ್ಕ ಬಿಳಿ ಕೋಟು ತೊಟ್ಟು ಬಂದಾಗ ಮಾತ್ರ ತಲೆಯಾಡಿಸುತ್ತೇವೆ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1967ರ ಕೊನೆಯಿಂದ 1974ರ ಏಪ್ರಿಲ್‌ವರೆಗೆ ಹೃದಯ ಕಸಿಗೆ ಆಯ್ಕೆಯಾದವರು 103 ಮಂದಿ. ದಾನಿಯ ಹೃದಯ ಸಿಕ್ಕ 69 ಮಂದಿಯಲ್ಲಿ 45 ಜನ ಅಷ್ಟರೊಳಗೆ ತೀರಿಕೊಂಡಿದ್ದರು. ಸಿಗದ 34ರಲ್ಲಿ 30 ಜನ. ನೂರಕ್ಕೆ 65 ಒಂದು ಕಡೆ, 88 ಇನ್ನೊಂದು ಕಡೆ. ಕಸಿಯೇ ಗೆದ್ದಂತೆ ಕಾಣುತ್ತದೆ.

ಹುಳುಕಿರುವುದು ಕಾಯುವ ದಿನಗಳಲ್ಲಿ. 40ನೇ ದಿನ ಹೃದಯ ಸಿಗಬೇಕಾದರೆ 40 ದಿನ ಉಸಿರಾಡಿರಲೇಬೇಕು. 10ನೇ ದಿನವೇ ಹೋದವರು ತಾವಾಗಿಯೇ ‘ಕಸಿಯಾಗದವರ’ ಪಟ್ಟಿಗೆ ಬೀಳುತ್ತಾರೆ. ಹರಕೆ ತೀರಿಸಲು ಬಂದವರನ್ನಷ್ಟೇ ಎಣಿಸಿ ದೇವರ ಮಹಿಮೆ ಅಳೆದ ಹಾಗಾಯಿತು. ಸತ್ತವರು ಹರಕೆ ತೀರಿಸಲು ಎಲ್ಲಿಂದ ಬಂದಾರು? ಕಾದ ಆ 40 ದಿನಗಳನ್ನೂ ಕಸಿಯ ಲೆಕ್ಕಕ್ಕೆ ಬರೆಯುವುದೆಂದರೆ, ಹಳೇ ಮನೆಯ ಬಾಡಿಗೆಯನ್ನು ಹೊಸ ಮಾಲೀಕನ ಕೈಗಿಟ್ಟಂತೆ. ಸಂಖ್ಯಾಶಾಸ್ತ್ರಜ್ಞ ಮಿಚೆಲ್ ಗೇಲ್ 1972ರಲ್ಲೇ ಈ ತಪ್ಪನ್ನು ಎತ್ತಿ ತೋರಿಸಿದ್ದರು.

ಅದೇ ವರ್ಷ ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಕಾಕ್ಸ್ ಕೊಟ್ಟ ಲೆಕ್ಕದ ಮಾದರಿ ಸಾವು ಸಂಭವಿಸಿದ ಒಂದೊಂದು ದಿನವೂ ಹಾಜರಿ ಕೂಗುತ್ತದೆ: ಆಯ್ಕೆಯಾಗಿ ಇಷ್ಟು ದಿನವಾದಾಗ ಜೀವಂತವಿದ್ದವರು ಯಾರು, ಅವರಲ್ಲಿ ಹೊಸ ಹೃದಯ ಯಾರಿಗಿತ್ತು, ಹೋದವರು ಯಾವ ಕಡೆಯವರು? ಇದಕ್ಕಾಗಿ ಕಸಿಯಾದ ಒಬ್ಬ ರೋಗಿಯನ್ನು ಲೆಕ್ಕದ ಪಟ್ಟಿಯಲ್ಲಿ ಎರಡು ಸಾಲಾಗಿ ಒಡೆಯಬೇಕು. 40ನೇ ದಿನ ಕಸಿಯಾಗಿ 200ನೇ ದಿನ ತೀರಿಕೊಂಡವರಿಗೆ ಮೊದಲ ಸಾಲು 0–40, ಕಸಿ 0, ಸಾವು 0 (0 ಎಂದರೆ ಆಗಿಲ್ಲ, 1 ಎಂದರೆ ಆಗಿದೆ). ಎರಡನೆಯದು 40–200, ಕಸಿ 1, ಸಾವು 1. ಜಾನ್ ಕ್ರೌಲಿ ಮತ್ತು ಮೇರಿ ಹೂ 1977ರಲ್ಲಿ ಹೀಗೆ ಲೆಕ್ಕ ಹಾಕಿದಾಗ ಆ ದೊಡ್ಡ ಗೆಲುವು ಕರಗಿತು. ಚಿಕ್ಕ ವಯಸ್ಸಿನವರಿಗೆ ಲಾಭವಿದ್ದೀತೆಂಬ ಸುಳಿವಷ್ಟೇ ಉಳಿಯಿತು. (ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೊರಿನ್ ಔಷಧ ಬರುವ ಮೊದಲಿನ ಮಾತಿದು. ಇಂದಿನ ಕಸಿಯನ್ನು ಇದರಿಂದ ಅಳೆಯಬೇಡಿ.)

ಸಾಲು ಒಡೆಯುವಾಗ ಎಡವುವ ಜಾಗ ಒಂದಿದೆ. 5ನೇ ದಿನ ಕಸಿಯಾಗಿ ಅಂದೇ ಸತ್ತವರ ಎರಡನೇ ಸಾಲು 5–5 ಎಂದಾಗುತ್ತದೆ, ಅಂದರೆ ಸೊನ್ನೆ ಉದ್ದ. ಕಸಿಯನ್ನು ಅರ್ಧ ದಿನ ಹಿಂದಕ್ಕೆ ತಳ್ಳಿ 4.5–5 ಎಂದು ಬರೆದರೆ ಸರಿಹೋಗುತ್ತದೆ. ಮರೆತರೆ ಆ ಸಾಲು ಅಮಾನ್ಯವಾಗಿ ಲೆಕ್ಕದಿಂದ ಬಿದ್ದುಹೋಗುತ್ತದೆ, ಅದರ ಜೊತೆಗೆ ಆಪರೇಷನ್ ಟೇಬಲ್ಲಿನ ಮೇಲಾದ ಸಾವೂ.