ಕಾನಾದ ಕಲ್ಲಿನ ಬಾನೆಗಳಲ್ಲಿ ಇದ್ದದ್ದೇನು?

ಕ್ರೈಸ್ತರು ಕುಡಿಯಬಹುದೇ ಎಂಬ ಪ್ರಶ್ನೆ ನಮ್ಮ ಬೈಬಲ್ ಅಧ್ಯಯನದಲ್ಲಿ ಎದ್ದಾಗಲೆಲ್ಲ ಯಾರಾದರೊಬ್ಬರು ಥಟ್ಟನೆ ಹೇಳುತ್ತಾರೆ: "ಕಾನಾ ಊರಿನ ಮದುವೆಯಲ್ಲಿ ಕರ್ತನು ಮಾಡಿದ್ದು ದ್ರಾಕ್ಷಾರಸ, ವೈನ್ ಅಲ್ಲ." ಮದುವೆಮನೆಯ ಕಲ್ಲಿನ ಬಾನೆಗಳಲ್ಲಿದ್ದ ನೀರನ್ನು ಯೇಸು ದ್ರಾಕ್ಷಾರಸವಾಗಿ ಮಾಡಿದ ಪವಾಡದ ಮಾತಿದು. ಮಾತು ಅಲ್ಲಿಗೇ ನಿಲ್ಲುತ್ತದೆ, ಚಹಾ ಬರುತ್ತದೆ. ನಾನು ಕುಡಿಯುವವನಲ್ಲ. ಆದರೂ ಈ ಉತ್ತರವನ್ನು ನಂಬಿ ಕುಳಿತುಕೊಳ್ಳಬಾರದು ಎಂದೇ ಈ ಟಿಪ್ಪಣಿ.

ಮೊದಲು ಪದ. ಯೋಹಾನ 2ರ ಗ್ರೀಕ್ ಮೂಲದಲ್ಲಿರುವುದು 'ಓಯಿನೊಸ್'. ಕನ್ನಡ ಬೈಬಲಿನಲ್ಲಿ ಅದು 'ದ್ರಾಕ್ಷಾರಸ' ಆಗಿದೆ. ರಸ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಜ್ಯೂಸ್ ಅಂಗಡಿಯ ಗ್ಲಾಸು. ಈಗ ಎಫೆಸ 5:18 ತೆರೆಯಿರಿ. ಮತ್ತರಾಗಬೇಡಿರಿ ಎಂದು ಅಪೊಸ್ತಲ ಪೌಲನು ಎಚ್ಚರಿಸುವ ಆ ವಚನದಲ್ಲೂ ಮೂಲ ಪದ ಓಯಿನೊಸ್ ಆಗಿಯೇ ಇದೆ. ನಾವು ಓದುವ ಅನುವಾದ ಮಾತ್ರ ಅಲ್ಲಿ 'ಮದ್ಯಪಾನ' ಎನ್ನುತ್ತದೆ. ಹಿತವಾದ ಕಡೆ ರಸ, ಅಹಿತವಾದ ಕಡೆ ಮದ್ಯ! ಕನ್ನಡದಲ್ಲಷ್ಟೇ ಓದುವವರಿಗೆ ಇವೆರಡು ಬೇರೆ ಬೇರೆ ಪಾನೀಯಗಳೆಂದೇ ತೋರುತ್ತದೆ. ಕಾನಾದ ಔತಣದ ಪಾರುಪತ್ಯಗಾರ ಮದುಮಗನಿಗೆ ಹೇಳಿದ್ದನ್ನೂ ನೋಡಿ: ಎಲ್ಲರೂ ಒಳ್ಳೆಯದನ್ನು ಮೊದಲು ಬಡಿಸಿ, ಜನರಿಗೆ ಅಮಲೇರಿದ ಮೇಲೆ ಕಳಪೆಯದನ್ನು ತರುತ್ತಾರೆ. ಹಣ್ಣಿನ ರಸದ ಬಗ್ಗೆ ಯಾರೂ ಹೀಗೆ ಮಾತನಾಡುವುದಿಲ್ಲ. ಕೊರಿಂಥದ ಕ್ರೈಸ್ತ ಸಭೆಯಲ್ಲಂತೂ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನದ ಹೊತ್ತಿನಲ್ಲೇ ಒಬ್ಬ ಹಸಿದಿದ್ದ, ಇನ್ನೊಬ್ಬ ಕುಡಿದು ಅಮಲೇರಿದ್ದ (1 ಕೊರಿಂಥ 11:21).

ಪದ ಬಿಟ್ಟರೂ ಋತು ಬಿಡುವುದಿಲ್ಲ. ಪ್ಯಾಲೆಸ್ತೀನಿನಲ್ಲಿ ದ್ರಾಕ್ಷಿ ಕೊಯ್ಲು ಬೇಸಿಗೆಯ ಕೊನೆಗೆ. ಯೇಸು ಶಿಷ್ಯರೊಂದಿಗೆ ಕೊನೆಯ ಭೋಜನ ಮಾಡಿದ ಯೆಹೂದ್ಯರ ಪಸ್ಕ ಹಬ್ಬ ಬರುವುದು ಮಾರ್ಚ್–ಏಪ್ರಿಲ್‌ನಲ್ಲಿ. ಅಷ್ಟು ತಿಂಗಳು ಹಿಂಡಿದ ರಸ ಹಾಗೇ ಉಳಿಯುವುದೆಂತು? ಇದು ಕರಾವಳಿಯಲ್ಲಿ ಕಳ್ಳು ಇಳಿಸುವ ಮೂರ್ತೆದಾರರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ತೆಂಗಿನ ಹೊಂಬಾಳೆಯಿಂದ ಇಳಿಯುವುದು ಸಿಹಿಯಾದ ನೀರಾ. ಮಡಕೆಯ ಒಳಗೆ ಸುಣ್ಣ ಸವರದಿದ್ದರೆ ಕೆಲವೇ ಗಂಟೆಗಳಲ್ಲಿ ನೊರೆಯೆದ್ದು ಕಳ್ಳಾಗುತ್ತದೆ. ದ್ರಾಕ್ಷಿಯ ಸಿಪ್ಪೆಯ ಮೇಲೂ ಅಂಥದ್ದೇ ಯೀಸ್ಟ್ ಇರುತ್ತದೆ. ಹುಳಿಯದ ದ್ರಾಕ್ಷಿ ರಸವನ್ನು ಬಾಟಲಿಯಲ್ಲಿ ಕೆಡದಂತೆ ಇಡುವುದು ಸಾಧ್ಯವಾದದ್ದು 1869ರಲ್ಲಿ. ಅಮೆರಿಕದ ನ್ಯೂಜೆರ್ಸಿಯ ಥಾಮಸ್ ವೆಲ್ಚ್ ಎಂಬ ದಂತವೈದ್ಯರು, ಮೆಥೊಡಿಸ್ಟ್ ಸಭೆಯವರು, ಪಾಶ್ಚರನ ವಿಧಾನದಂತೆ ರಸವನ್ನು ಕಾಯಿಸಿ ಪ್ರಭು ಭೋಜನಕ್ಕೆಂದೇ ಸಿದ್ಧಪಡಿಸಿದರು. ಕಥೋಲಿಕ ಸಭೆಯಲ್ಲಿ ಇಂದಿಗೂ ಬಲಿಪೂಜೆಗೆ ದ್ರಾಕ್ಷಿಯ ವೈನೇ ಬೇಕು.

ಹಾಗಾದರೆ ಧರ್ಮಗ್ರಂಥ ಕುಡಿತಕ್ಕೆ ಸೊಪ್ಪು ಹಾಕುತ್ತದೆಯೇ? ಕೀರ್ತನೆ 104 ದ್ರಾಕ್ಷಾರಸವನ್ನು ಹೃದಯಕ್ಕೆ ಆನಂದ ಕೊಡುವ ದೇವರ ವರಗಳ ಸಾಲಿನಲ್ಲಿ ಇಡುತ್ತದೆ. ಜ್ಞಾನೋಕ್ತಿ 23ರ ಕೊನೆಯ ವಚನಗಳನ್ನು ಮಾತ್ರ ಗಟ್ಟಿಯಾಗಿ ಓದಿಕೊಳ್ಳಿ. ಕಣ್ಣು ಕೆಂಪಾದವನು, ಕಾರಣವಿಲ್ಲದೆ ಗಾಯ ಮಾಡಿಕೊಂಡವನು, ನಡುಗಡಲಲ್ಲಿ ಹಡಗಿನ ಕಂಬದ ತುದಿಯಲ್ಲಿ ಮಲಗಿದವನಂತೆ ತೂಗಾಡುವವನು. ಹೊಡೆದರೂ ತನಗೆ ನೋವಾಗಲಿಲ್ಲ ಎನ್ನುತ್ತಾನೆ. ಎಚ್ಚರವಾದರೆ ಮತ್ತೆ ಅದನ್ನೇ ಹುಡುಕಿಕೊಂಡು ಹೋಗುತ್ತೇನೆ ಎನ್ನುತ್ತಾನೆ. ಚಟವೆಂದರೆ ಏನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಬರೆದವರನ್ನು ನಾನು ಓದಿಲ್ಲ. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಸೇವಿಸು ಎಂದು ಪೌಲನು ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದದ್ದನ್ನು ಕುಡಿಯುವವರು ಬಾಯಿಪಾಠ ಮಾಡಿರುತ್ತಾರೆ. ತಿಮೊಥೆಯನು ಅಲ್ಲಿಯವರೆಗೆ ಬರೀ ನೀರು ಕುಡಿಯುತ್ತಿದ್ದ ಎಂಬುದು ಅದೇ ವಚನದಲ್ಲಿದೆ. ಅದು ಅವರಿಗೆ ನೆನಪಿರುವುದಿಲ್ಲ.

ಇನ್ನೊಂದು ಲೆಕ್ಕವನ್ನು ನಾವು ಹಾಕುವುದೇ ಇಲ್ಲ. ಪ್ರವಾದಿ ಯೆಶಾಯನ ಕಾಲದಲ್ಲಿ ನೀರು ಬೆರೆಸಿದ ದ್ರಾಕ್ಷಾರಸ ಎಂದರೆ ಕಲಬೆರಕೆ, ಬೈಗುಳ. ಗ್ರೀಕರ ಪ್ರಭಾವ ಬಂದ ಮೇಲೆ ನೀರು ಬೆರೆಸಿ ಕುಡಿಯುವುದೇ ಮರ್ಯಾದೆಯಾಯಿತು. ಒಂದು ಪಾಲು ವೈನಿಗೆ ಎರಡೋ ಮೂರೋ ಪಾಲು ನೀರು. ಶೇಕಡ 12ರ ವೈನಿಗೆ ಎರಡು ಪಾಲು ನೀರು ಬಿದ್ದರೆ ಉಳಿಯುವುದು ಶೇಕಡ 4. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿಯ ಬಾಟಲಿಯ ಮೇಲೆ ಶೇಕಡ 42.8 ಎಂದಿರುತ್ತದೆ. 180 ಮಿಲಿಲೀಟರಿನ ಒಂದು ಕ್ವಾರ್ಟರಿನಲ್ಲಿ ಸುಮಾರು 77 ಮಿಲಿಲೀಟರ್ ಅಪ್ಪಟ ಮದ್ಯಸಾರ. ಅಷ್ಟು ಒಳಗೆ ಹೋಗಬೇಕಾದರೆ ನೀರು ಬೆರೆಸಿದ ಆ ವೈನನ್ನು ಹತ್ತಿರಹತ್ತಿರ ಎರಡು ಲೀಟರ್ ಕುಡಿಯಬೇಕಿತ್ತು. ಕಾನಾದ ಮದುವೆಯನ್ನು ಕ್ವಾರ್ಟರಿಗೆ ಸಾಕ್ಷಿ ಕರೆಯುವವರು ಇದನ್ನು ಕಾಗದದ ಮೇಲೆ ಬರೆದು ನೋಡಲಿ.

ಕುಡಿಯದಿರಲು ನನಗೆ ಗಟ್ಟಿಯಾದ ನೆಲ ಸಿಗುವುದು ರೋಮಾಪುರ 14ರಲ್ಲಿ. ಸಹೋದರನು ಎಡವುವುದಾದರೆ ಮಾಂಸವನ್ನೂ ದ್ರಾಕ್ಷಾರಸವನ್ನೂ ಬಿಡುವುದು ಒಳ್ಳೆಯದು ಎನ್ನುತ್ತಾನೆ ಪೌಲ. ವಸ್ತು ಅಶುದ್ಧ ಎಂದಲ್ಲ, ಪಕ್ಕದಲ್ಲಿ ಕುಳಿತವನು ಯಾರು ಎಂಬುದರ ಮೇಲೆ ತೀರ್ಮಾನ. ಅದೇ ಅಧ್ಯಾಯ ತೀರ್ಪು ಮಾಡಬೇಡ ಎಂದೂ ಹೇಳುತ್ತದೆ. ಆದ್ದರಿಂದ ಕ್ರಿಸ್‌ಮಸ್‌ಗೆ ಮನೆಯಲ್ಲಿ ವೈನ್ ಹಾಕುವ ಕಥೋಲಿಕ ನೆರೆಯವರ ಮೇಲೆ ಹುಬ್ಬು ಗಂಟಿಕ್ಕುವ ಹಕ್ಕು ನನಗಿಲ್ಲ.

ಸಹೋದರನ ಹೊಣೆ ಹೊರುವುದಕ್ಕೆ ಮಂಗಳೂರಿನ ಇತಿಹಾಸದಲ್ಲಿ ಒಂದು ಉದಾಹರಣೆಯಿದೆ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಪ್ರಾಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ ಸೇರಿದವರಲ್ಲಿ, ಕಳ್ಳು ಇಳಿಸುವುದನ್ನು ಕುಲಕಸುಬಾಗಿಸಿಕೊಂಡಿದ್ದ ಬಿಲ್ಲವರ ಪಾಲು ದೊಡ್ಡದು. ಆ ಕಸುಬನ್ನು ಸಭೆ ಒಪ್ಪಲಿಲ್ಲ. ಕಸುಬು ಬಿಡಿಸಿದ ಮೇಲೆ ಅನ್ನದ ದಾರಿಯನ್ನೂ ತೋರಿಸಬೇಕಲ್ಲವೇ? ನೇಯ್ಗೆ, ಮುದ್ರಣ, 1865ರ ಜೆಪ್ಪುವಿನ ಹೆಂಚಿನ ಕಾರ್ಖಾನೆ ಬೆಳೆದುಬಂದ ಹಿನ್ನೆಲೆಯಲ್ಲಿ ಈ ಒತ್ತಡವೂ ಇತ್ತು. 'ಬಿಡು' ಎಂದಷ್ಟೇ ಹೇಳಿ ಮನೆಗೆ ಹೋಗುವ ನಮ್ಮ ಉಪದೇಶಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು.

ನಮ್ಮ ಸಭೆಯಲ್ಲಿ ಒಬ್ಬರು ಕುಡಿತ ಬಿಟ್ಟು ಬಂದಾಗ ಪ್ರಭು ಭೋಜನದ ಪಾತ್ರೆ ಅವರ ಮುಂದೆ ಬರುತ್ತಲೇ ತಲೆ ತಗ್ಗಿಸಿ ಮುಂದಕ್ಕೆ ದಾಟಿಸುತ್ತಿದ್ದರು. ಅವರಿಗೊಂದು ಬೇರೆ ಲೋಟ ಇಡೋಣ ಎಂದರು ಕೆಲವರು. ಸಭಾಪಾಲಕರು ಒಪ್ಪಲಿಲ್ಲ, ಮುಂದಿನ ತಿಂಗಳಿಂದ ಎಲ್ಲರಿಗೂ ಒಣದ್ರಾಕ್ಷಿ ಬೇಯಿಸಿ ಸೋಸಿದ ರಸ ಬಂತು. ರುಚಿ ಸುಮಾರು.

ಮುಂದಿನ ವಾರಕ್ಕೆ ಯೆರೆಮೀಯ 35 ಓದಿಕೊಂಡು ಬನ್ನಿ. ಪೂರ್ವಜನ ಅಪ್ಪಣೆಯಂತೆ ದ್ರಾಕ್ಷಾರಸ ಮುಟ್ಟದ ರೇಕಾಬ್ಯರೆಂಬ ಕುಲದವರನ್ನು ದೇವರು ಮೆಚ್ಚಿದ್ದು ಕುಡಿಯದಿದ್ದಕ್ಕೋ, ಪೂರ್ವಜನ ಮಾತು ಉಳಿಸಿಕೊಂಡದ್ದಕ್ಕೋ ಎಂಬುದನ್ನು ವಚನ ತೋರಿಸಿಯೇ ಹೇಳಬೇಕು.