ಬಾಂಡ್‌ನ ಮೊದಲ ಪುಸ್ತಕ ಬಿಟ್ಟು ಆರನೆಯದನ್ನು ಮೊದಲು ಸಿನಿಮಾ ಮಾಡಿದ್ದೇಕೆ?

ಪ್ರಶ್ನೆ: ಜೇಮ್ಸ್ ಬಾಂಡ್ ಕಾದಂಬರಿಗಳನ್ನು ಮೊದಲಿನಿಂದ ಓದುತ್ತಿದ್ದೇನೆ. ಮೊದಲ ಪುಸ್ತಕ ‘ಕ್ಯಾಸಿನೊ ರಾಯಲ್’. ಆದರೆ ಮೊದಲ ಸಿನಿಮಾ ‘ಡಾಕ್ಟರ್ ನೋ’. ಅದು ಆರನೇ ಪುಸ್ತಕ ಅಲ್ವಾ? ಅಲ್ಲಿಂದ ಯಾಕೆ ಶುರು ಮಾಡಿದರು?

ಉತ್ತರ: ಮೊದಲ ಪುಸ್ತಕ ನಿರ್ಮಾಪಕರ ಕೈಯಲ್ಲಿ ಇರಲಿಲ್ಲ. ಅವರು ಮಾಡಬೇಕು ಅಂದುಕೊಂಡಿದ್ದ ಇನ್ನೊಂದು ಪುಸ್ತಕ ಕೋರ್ಟಿನಲ್ಲಿತ್ತು. ಅದಕ್ಕೇ ‘ಡಾಕ್ಟರ್ ನೋ’.

ಇಯಾನ್ ಫ್ಲೆಮಿಂಗ್ ‘ಕ್ಯಾಸಿನೊ ರಾಯಲ್’ ಪ್ರಕಟಿಸಿದ್ದು 1953ರಲ್ಲಿ. ಆಗ ಅವರಿನ್ನೂ ಹೊಸ ಲೇಖಕ. ಮರುವರ್ಷವೇ ಅಮೆರಿಕದ ಟಿವಿಯಲ್ಲಿ ಅದರ ನಾಟಕ ರೂಪ ಬಂತು. ಅದರಲ್ಲಿ ಬಾಂಡ್ ಅಮೆರಿಕದವನು, ಹೆಸರು ಜಿಮ್ಮಿ! ಸಿನಿಮಾ ಹಕ್ಕನ್ನೂ ಫ್ಲೆಮಿಂಗ್ ಬೇಗನೇ ಮಾರಿಬಿಟ್ಟರು. 1961ರಲ್ಲಿ ನಿರ್ಮಾಪಕರಾದ ಹ್ಯಾರಿ ಸಾಲ್ಟ್ಜ್‌ಮನ್ ಮತ್ತು ಆಲ್ಬರ್ಟ್ ಬ್ರೊಕೊಲಿ ಒಟ್ಟಾಗುವ ಹೊತ್ತಿಗೆ ಆ ಒಂದು ಪುಸ್ತಕ ಬೇರೆಯವರ ಪಾಲಾಗಿತ್ತು.

ಇವರಿಬ್ಬರ ಮನಸ್ಸು ಇದ್ದದ್ದು ‘ಥಂಡರ್‌ಬಾಲ್’ ಮೇಲೆ. ಅದು ಆ ವರ್ಷವಷ್ಟೇ ಬಂದಿದ್ದ ಪುಸ್ತಕ. ರಿಚರ್ಡ್ ಮೈಬಾಮ್ ಚಿತ್ರಕಥೆಯನ್ನೂ ಬರೆದರು. ಆದರೆ ಆ ಕಥೆ ಫ್ಲೆಮಿಂಗ್ ಒಬ್ಬರದೇ ಆಗಿರಲಿಲ್ಲ. ಅವರು, ಕೆವಿನ್ ಮೆಕ್‌ಕ್ಲೋರಿ ಮತ್ತು ಜ್ಯಾಕ್ ವಿಟಿಂಗ್‌ಹ್ಯಾಮ್ ಸೇರಿ ಮೊದಲು ಸಿನಿಮಾಕ್ಕೆಂದು ಹೆಣೆದಿದ್ದ ಕಥೆ ಅದು. ಸಿನಿಮಾ ಆಗಲಿಲ್ಲ. ಫ್ಲೆಮಿಂಗ್ ಅದನ್ನೇ ಕಾದಂಬರಿ ಮಾಡಿ ತಮ್ಮ ಹೆಸರಲ್ಲಿ ಪ್ರಕಟಿಸಿದರು. ಉಳಿದ ಇಬ್ಬರು ಕೇಸ್ ಹಾಕಿದರು. ವ್ಯಾಜ್ಯ ಮುಗಿದದ್ದು 1963ರ ಕೊನೆಯಲ್ಲಿ. ನನ್ನ ಮಟ್ಟಿಗೆ ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಮೂವರು ಕೂತು ಹೆಣೆದದ್ದಕ್ಕೆ ಒಬ್ಬರ ಹೆಸರು ಮಾತ್ರ ಹಾಕಿದರೆ ಯಾರು ಸುಮ್ನೆ ಇರುತ್ತಾರೆ?

ಹಾಗಾಗಿ 1958ರ ‘ಡಾಕ್ಟರ್ ನೋ’ಗೆ ಬಂದರು. ಅಮೆರಿಕದ ಚಿತ್ರ ಸಂಸ್ಥೆ ಯುನೈಟೆಡ್ ಆರ್ಟಿಸ್ಟ್ಸ್ ಕೊಟ್ಟದ್ದು ಸುಮಾರು 10 ಲಕ್ಷ ಡಾಲರ್. ಅಂಥ ಚಿತ್ರಕ್ಕೆ ಅದು ಜಾಸ್ತಿ ಅಲ್ಲ. ಈ ಕಥೆ ಆ ದುಡ್ಡಿಗೆ ಹೊಂದುತ್ತಿತ್ತು. ಲಂಡನ್‌ನಲ್ಲಿ ಒಂದಿಷ್ಟು ದೃಶ್ಯ, ಉಳಿದದ್ದೆಲ್ಲ ಜಮೈಕಾ. ಕಥೆಯೂ ಸರಳ: ಒಬ್ಬ ಅಧಿಕಾರಿ ಕಾಣೆಯಾಗಿದ್ದಾನೆ, ಬಾಂಡ್ ಹುಡುಕಿಕೊಂಡು ಹೋಗುತ್ತಾನೆ, ಒಂದು ದ್ವೀಪ ಸೇರುತ್ತಾನೆ. ಇಷ್ಟು ಸರಳವಾಗಿರುವುದಕ್ಕೆ ಕಾರಣವೂ ಇದೆ. ಫ್ಲೆಮಿಂಗ್ ಇದನ್ನು ಮೊದಲು ಜಮೈಕಾದಲ್ಲಿ ನಡೆಯುವ ಒಂದು ಟಿವಿ ಸರಣಿಗೆಂದು ಬರೆದಿದ್ದರು. ಅದು ನಿಂತುಹೋದಾಗ ಕಾದಂಬರಿಯಾಯಿತು. ಜಮೈಕಾ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ‘ಗೋಲ್ಡನ್‌ಐ’ ಎಂಬ ಮನೆ ಕಟ್ಟಿಕೊಂಡು, ಪ್ರತಿ ಚಳಿಗಾಲ ಅಲ್ಲೇ ಕೂತು ಬಾಂಡ್ ಕಥೆಗಳನ್ನು ಬರೆಯುತ್ತಿದ್ದರು.

ಚಿತ್ರೀಕರಣ ಶುರುವಾದದ್ದು 1962ರ ಜನವರಿಯಲ್ಲಿ. ದುಡ್ಡಿನ ಬಿಗಿಯಿಂದ ಒಳ್ಳೆಯದೇ ಆಯಿತು ಅಂತ ನನಗನ್ನಿಸುತ್ತದೆ. ಖಳನಾಯಕ ಡಾಕ್ಟರ್ ನೋ ತನ್ನ ಕಡೆಯವನಾದ ಪ್ರೊಫೆಸರ್ ಡೆಂಟ್‌ನನ್ನು ವಿಚಾರಿಸುವ ಕೋಣೆ ನೋಡಿ. ಕಲಾ ನಿರ್ದೇಶಕ ಕೆನ್ ಆ್ಯಡಮ್ ಅಲ್ಲಿ ಇಟ್ಟಿರುವುದು ಒಂದು ಕುರ್ಚಿ, ಒಂದು ಮೇಜು. ಮೇಲೆ ಚಾವಣಿಯಲ್ಲಿ ದೊಡ್ಡ ದುಂಡನೆಯ ಕಂಡಿ, ಅದಕ್ಕೆ ಕಂಬಿಗಳು. ಕಂಬಿಗಳ ನೆರಳು ನೆಲದ ಮೇಲೆಲ್ಲ ಬಿದ್ದಿದೆ. ಖಳನಾಯಕ ಕಾಣುವುದೇ ಇಲ್ಲ, ದನಿ ಮಾತ್ರ. ಮೇಜಿನ ಮೇಲೆ ಪಂಜರದಲ್ಲಿ ಜೇಡ. ಎಷ್ಟು ಕಡಿಮೆ ಸಾಮಾನಿನಲ್ಲಿ ಎಷ್ಟು ಭಯ!

ಸಂಗೀತದ ಕಥೆಯೂ ಹೀಗೇ ಇದೆ. ಎಲ್ಲರಿಗೂ ಗೊತ್ತಿರುವ ಆ ಬಾಂಡ್ ರಾಗವನ್ನು ಮಾಂಟಿ ನಾರ್ಮನ್ ಮೊದಲು ಮಾಡಿದ್ದು ಬೇರೊಂದಕ್ಕೆ. ವಿ.ಎಸ್. ನೈಪಾಲ್ ಅವರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿಯ ಸಂಗೀತ ನಾಟಕಕ್ಕೆ. ಟ್ರಿನಿಡಾಡ್‌ನ ಭಾರತೀಯ ಕುಟುಂಬವೊಂದರ ಕಥೆ ಅದು. ನಾಟಕ ರಂಗಕ್ಕೆ ಬರಲಿಲ್ಲ, ಹಾಡು ಹಾಗೇ ಉಳಿದಿತ್ತು. ಅದರ ರಾಗ ತೆಗೆದು ಇಲ್ಲಿ ಬಳಸಿದರು. ಜಾನ್ ಬ್ಯಾರಿ ಅದಕ್ಕೆ ಗಿಟಾರು, ತುತ್ತೂರಿಗಳ ಮೆರುಗು ಕೊಟ್ಟರು.

ಇನ್ನು ನೀವು ಪುಸ್ತಕದ ಕ್ರಮದಲ್ಲಿ ಓದುತ್ತಿರುವುದರಿಂದ ಒಂದು ದೃಶ್ಯವನ್ನು ಗಮನಿಸಿ. ಸಿನಿಮಾದ ಶುರುವಿನಲ್ಲೇ ಮೇಲಧಿಕಾರಿ ಎಂ, ಬಾಂಡ್‌ನ ಬೆರೆಟಾ ಪಿಸ್ತೂಲನ್ನು ಕಿತ್ತುಕೊಂಡು ವಾಲ್ಥರ್ ಪಿಪಿಕೆ ಕೊಡಿಸುತ್ತಾರೆ. ಹಿಂದಿನ ಕೆಲಸದಲ್ಲಿ ಬೆರೆಟಾ ಕೈಕೊಟ್ಟು ನೀನು ಆರು ತಿಂಗಳು ಆಸ್ಪತ್ರೆಯಲ್ಲಿದ್ದೆ ಅಂತ ಬೈಯುತ್ತಾರೆ. ಮೊದಲ ಸಿನಿಮಾದಲ್ಲಿ ಹಿಂದಿನ ಕೆಲಸ ಎಲ್ಲಿಂದ ಬಂತು? ಅದು ಐದನೇ ಪುಸ್ತಕ ‘ಫ್ರಮ್ ರಷ್ಯಾ, ವಿತ್ ಲವ್’ನ ಕೊನೆಯ ಘಟನೆ. ಆ ಪುಸ್ತಕ ಸಿನಿಮಾ ಆದದ್ದು ಆಮೇಲೆ, 1963ರಲ್ಲಿ. ಅಲ್ಲಿ ಎಲ್ಲ ತಿರುಗಿಸಿದರು: ಡಾಕ್ಟರ್ ನೋ ಸಾವಿಗೆ ಸೇಡು ತೀರಿಸಿಕೊಳ್ಳಲು ಅವನಿದ್ದ ಸ್ಪೆಕ್ಟರ್ ಎಂಬ ಅಪರಾಧಿಗಳ ಸಂಘಟನೆ ಬಾಂಡ್‌ಗೆ ಬಲೆ ಬೀಸುತ್ತದೆ. ಪುಸ್ತಕದಲ್ಲಿ ಅವನ ಹಿಂದೆ ಬಿದ್ದವರು ಸೋವಿಯತ್ ಗೂಢಚಾರರು.

‘ಡಾಕ್ಟರ್ ನೋ’ 1962ರ ಅಕ್ಟೋಬರ್ 5ರಂದು ಲಂಡನ್‌ನಲ್ಲಿ ತೆರೆಕಂಡಿತು. ‘ಥಂಡರ್‌ಬಾಲ್’ 1965ರಲ್ಲಿ, ನಾಲ್ಕನೇ ಚಿತ್ರವಾಗಿ ಬಂತು. ನಿರ್ಮಾಪಕನ ಜಾಗದಲ್ಲಿ ಮೆಕ್‌ಕ್ಲೋರಿಯ ಹೆಸರೇ ಇತ್ತು. ‘ಕ್ಯಾಸಿನೊ ರಾಯಲ್’ ಹಕ್ಕು ಇದ್ದವರು 1967ರಲ್ಲಿ ಅದನ್ನು ಹಾಸ್ಯಚಿತ್ರ ಮಾಡಿದರು. ಮೂಲ ಸರಣಿಯವರು ಅದನ್ನು ತೆರೆಗೆ ತಂದದ್ದು 2006ರಲ್ಲಿ, ಡೇನಿಯಲ್ ಕ್ರೇಗ್ ಜೊತೆ. ಆಗ ಅದು ಸರಣಿಯ 21ನೇ ಚಿತ್ರ.